ಮೀನು ಬಿಡುವ ಮುನ್ನ ಅಕ್ವೇರಿಯಂ ಸೈಕ್ಲಿಂಗ್: ರಾಯಚೂರು, ಬಳ್ಳಾರಿ, ಕೊಪ್ಪಳದ ನೀರಿಗೆ ಹೊಂದುವ ವಿಧಾನ

ಹೊಸ ಗಾಜಿನ ತೊಟ್ಟಿ ಮನೆಗೆ ಬಂದ ದಿನವೇ ಮೀನು ಕೂಡ ಬರುವುದು ನಮ್ಮ ಕಡೆ ರೂಢಿ. ತೊಟ್ಟಿ, ಜಲ್ಲಿ, ಮೋಟರು, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗೋಲ್ಡ್‌ಫಿಶ್. "ಇವತ್ತೇ ಬಿಡಬಹುದೇನ್ರಿ ಅಣ್ಣಾ?" ಅಂತ ಕೇಳಿದರೆ ಅಂಗಡಿಯವರು "ಬಿಡ್ರಿ, ಏನೂ ಆಗಂಗಿಲ್ಲ" ಅನ್ನುತ್ತಾರೆ. ನಾಲ್ಕೈದು ದಿನ ನಿಜಕ್ಕೂ ಏನೂ ಆಗುವುದಿಲ್ಲ. ಆಮೇಲೆ ಮೀನು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ಕಿವಿರು ಕೆಂಪಾಗುತ್ತದೆ, ಆಹಾರ ಮುಟ್ಟುವುದಿಲ್ಲ. ಎರಡನೇ ವಾರದ ಹೊತ್ತಿಗೆ ತೊಟ್ಟಿ ಖಾಲಿ. ನೀರು ನೋಡಿದರೆ ತಿಳಿಯಾಗಿಯೇ ಇರುತ್ತದೆ. ಹಾಗಾಗಿ ಮನೆಯವರು ರಾಯಚೂರಿನ ಬಿಸಿಲನ್ನು ಬೈಯುತ್ತಾರೆ, ಇಲ್ಲವೇ ಬೋರಿನ ಸವಳು ನೀರನ್ನು.

ಬಿಸಿಲೂ ಗಡಸು ನೀರೂ ಮೀನು ಸಾಕಲು ಅಡ್ಡಿ ಅಲ್ಲ. ಸೈಕ್ಲಿಂಗ್ ಮಾಡುವಾಗ, ಅಂದರೆ ಮೀನಿನ ಗಲೀಜು ಕರಗಿಸುವ ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಮೊದಲೇ ಬೆಳೆಸುವಾಗ, ಇವೆರಡೂ ನಮಗೆ ಸಹಾಯವನ್ನೇ ಮಾಡುತ್ತವೆ. ಆದರೆ ಸೈಕ್ಲಿಂಗ್ ಆಗದ ತೊಟ್ಟಿಗೆ ಮೀನು ಬಿಟ್ಟರೆ, ಇದೇ ಬಿಸಿಲು ಮತ್ತು ಇದೇ ನೀರು ಬೇರೆ ಊರುಗಳಿಗಿಂತ ಬೇಗ ಮೀನನ್ನು ಕೊಲ್ಲುತ್ತವೆ. ಮೂರರಿಂದ ಆರು ವಾರ ಕಾಯುವ ತಾಳ್ಮೆ ಇದ್ದರೆ ಈ ಸಾವು ತಪ್ಪಿಸಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ತೊಟ್ಟಿಯೊಳಗೆ ನಡೆಯುವುದೇನು

ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ಮಲ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತವೆ. ಹೊಳೆಯಲ್ಲಿ ಇದು ಹರಿದು ಹೋಗುತ್ತದೆ. ಐವತ್ತು ಲೀಟರ್ ತೊಟ್ಟಿಯಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ, ಒಂದಷ್ಟು ಗಿಡ ಇದ್ದರೆ ಹತೋಟಿಯಲ್ಲಿರುತ್ತದೆ. ಈ ಎರಡೂ ಗುಂಪುಗಳನ್ನು ಮೀನು ಬರುವ ಮೊದಲೇ ಬೆಳೆಸಿ ಇಟ್ಟುಕೊಳ್ಳುವ ಕೆಲಸಕ್ಕೆ ಸೈಕ್ಲಿಂಗ್ ಅನ್ನುತ್ತಾರೆ.

ಇಷ್ಟು ವಾರ ಯಾಕೆ ಬೇಕು? ಹಾಲು ಕೆಡಿಸುವಂಥ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಎರಡರಷ್ಟಾಗಬಹುದು. ಇವಕ್ಕೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಅವಸರಿಸಿದರೆ ನಡೆಯುವುದಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುತ್ತಾ ಇರುವುದಿಲ್ಲ. ಫಿಲ್ಟರಿನ ಸ್ಪಂಜು, ಜಲ್ಲಿ, ಕಲ್ಲು, ಗಾಜಿಗೆ ಅಂಟಿಕೊಂಡು ಬೆಳೆಯುತ್ತದೆ. ಅದರಲ್ಲೂ ಸ್ಪಂಜಿನಲ್ಲೇ ಜಾಸ್ತಿ. ಯಾರದೋ ಹಳೆ ತೊಟ್ಟಿಯ ನೀರನ್ನು ಬಿಂದಿಗೆಯಲ್ಲಿ ತಂದು ಸುರಿದರೆ ಸೈಕ್ಲಿಂಗ್ ಆಗಿಬಿಡುತ್ತದೆ ಅನ್ನುವವರ ಮಾತು ಕೇಳಬೇಡಿ. ಹಳೆ ನೀರಿಂದ ಏನೂ ಲಾಭವಿಲ್ಲ, ಹಳೆ ಸ್ಪಂಜಿನಿಂದ ಬಹಳ ಲಾಭವಿದೆ.

ಮೊದಲು ನಿಮ್ಮ ನೀರು ಎಲ್ಲಿಂದ ಬರುತ್ತದೆ ನೋಡಿ

ನಮ್ಮ ಮೂರೂ ಜಿಲ್ಲೆಗಳಲ್ಲಿ ಇದು ಬಹಳ ಮುಖ್ಯ. ರಾಯಚೂರು ಕೃಷ್ಣಾ ತುಂಗಭದ್ರಾ ಎರಡರ ನಡುವೆ ಇದೆ. ಬಳ್ಳಾರಿ, ಕೊಪ್ಪಳದವರಿಗೂ ತುಂಗಭದ್ರೆಯೇ ಆಧಾರ. ಆದರೂ ಮನೆಯ ನಳದಲ್ಲಿ ವರ್ಷವಿಡೀ ಒಂದೇ ನೀರು ಬರುತ್ತದೆ ಅನ್ನುವಂತಿಲ್ಲ. ಹೊಳೆ ನೀರು ಬರುತ್ತಿದ್ದ ಮನೆಯಲ್ಲಿ ಬೇಸಿಗೆಗೆ ಬೋರು, ಅದೂ ಸಾಲದಿದ್ದರೆ ಟ್ಯಾಂಕರ್. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನು. ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ.

ನಳದ ಹೊಳೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಅಲ್ವಾ? ನಾವು ಬೆಳೆಸಬೇಕಾದ್ದನ್ನೂ ಅದು ಕೊಲ್ಲುತ್ತದೆ. ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಏರ್ ಪಂಪ್ ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕಾಯಲು ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಬಳಸಿ. ಹೈಪೋ ಹರಳು ಅಂತ ಸಿಗುವುದೂ ಅದೇ, ಸೋಡಿಯಂ ಥಯೋಸಲ್ಫೇಟ್. ಮಾಮೂಲಿ ನಳದ ನೀರಿಗೆ 100 ಲೀಟರಿಗೆ 1 ಗ್ರಾಂ ಹರಳು ಸಾಕು.

ಬೋರಿನ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ. ಗಡಸುತನ ಇರುತ್ತದೆ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಂಕಿ, 7 ಅಂದರೆ ಎರಡೂ ಅಲ್ಲ) ಎಂಟರ ಆಸುಪಾಸು ಇರುವುದು ಮಾಮೂಲು. ಸೈಕ್ಲಿಂಗ್‌ಗೆ ಇದು ಒಳ್ಳೆಯ ನೀರು. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ನೀರಿನ ಕ್ಷಾರತೆಯನ್ನೂ, ಅಂದರೆ ಪಿಎಚ್ ಬೀಳದಂತೆ ತಡೆಯುವ ಗುಣವನ್ನೂ, ಕರಗಿಸುತ್ತಾ ಹೋಗುತ್ತದೆ. ನೀರು ಪರೀಕ್ಷಿಸುವ ಕಿಟ್‌ಗಳಲ್ಲಿ ಇದನ್ನು ಕೆಎಚ್ ಅಂತ ಕರೆಯುತ್ತಾರೆ. ಮುಂದೆ ಹೇಳುವ 2 ಪಿಪಿಎಂ (ಪಿಪಿಎಂ ಅಂದರೆ ಲೀಟರಿಗೆ ಮಿಲಿಗ್ರಾಂ ಅಂತ ತಿಳಿದುಕೊಳ್ಳಿ) ಅಮೋನಿಯಾ ಡೋಸ್ ಒಂದೊಂದು ಸಲವೂ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕ್ಷಾರತೆಯನ್ನು ತಿಂದುಹಾಕುತ್ತದೆ. ನಮ್ಮ ಬೋರಿನ ನೀರಿನಲ್ಲಿ ಅದು ಸಾಮಾನ್ಯವಾಗಿ ಧಾರಾಳವಾಗಿರುತ್ತದೆ.

ಕ್ಯಾನಿನ ನೀರಿನಲ್ಲಿ ಇರುವುದಿಲ್ಲ. ದುಡ್ಡು ಕೊಟ್ಟು ಕ್ಯಾನುಗಟ್ಟಲೆ ಆರ್‌ಒ ನೀರು ತಂದು ಅಕ್ವೇರಿಯಂ ತುಂಬಿಸುವವರಿದ್ದಾರೆ. ನಾವು ಕುಡಿಯುವ ನೀರನ್ನೇ ಮೀನಿಗೂ ಕೊಡೋಣ ಎಂಬ ಪ್ರೀತಿ ಅದು. ಆದರೆ ಆ ನೀರಿನಲ್ಲಿ ಕೆಲವೇ ಡೋಸಿಗೆ ಕ್ಷಾರತೆ ಮುಗಿದು ಪಿಎಚ್ ಕುಸಿಯುತ್ತದೆ. ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ, ಇನ್ನೂ ಇಳಿದರೆ ನಿಂತೇ ಹೋಗುತ್ತದೆ. ಆರ್‌ಒ ನೀರೇ ಬೇಕೆಂದರೆ ಅರ್ಧಕ್ಕರ್ಧ ಬೋರಿನ ನೀರು ಬೆರೆಸಿ. ಅದೂ ಸಿಗದಿದ್ದರೆ 50 ಲೀಟರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ.

ಗದ್ದೆ ಪಕ್ಕದ ಕಾಲುವೆ ನೀರು ಮಾತ್ರ ಬೇಡವೇ ಬೇಡ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತಕ್ಕೆ ಹೊಡೆದ ಔಷಧಿ ಅದರಲ್ಲಿ ಸೇರಿರುತ್ತದೆ. ಅಲ್ಲಿಂದ ನೀರಿನ ಗಿಡ ಕಿತ್ತು ತರುವುದೂ ಬೇಡ.

ಮೊದಲ ದಿನವೇ ಬರಿಯ ನೀರನ್ನು, ಅಮೋನಿಯಾ ಹಾಕುವ ಮುಂಚೆ, ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನಾಲ್ಕೂ ಬೇಕು. ಯೂರಿಯಾ ಬಳಕೆ ಹೆಚ್ಚಿರುವ ಹೊಲಗಳ ನಡುವಿನ ಬೋರಿನಲ್ಲಿ ನೈಟ್ರೇಟ್ ಮೊದಲೇ ಇರಬಹುದು. ಇದು ಗೊತ್ತಿಲ್ಲದಿದ್ದರೆ ಮೂರನೇ ದಿನ ಕಿಟ್ಟಿನಲ್ಲಿ ಕೆಂಪು ಬಣ್ಣ ನೋಡಿ ಸೈಕ್ಲಿಂಗ್ ಮುಗಿಯಿತು ಅಂದುಕೊಳ್ಳುತ್ತೀರಿ. ಅದು ಬೋರಿನಿಂದ ಬಂದ ನೈಟ್ರೇಟ್, ಬ್ಯಾಕ್ಟೀರಿಯಾ ಮಾಡಿದ್ದಲ್ಲ.

ಸಾಮಾನು

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಶುರು ಮಾಡುವವರಿಗೆ ಒಳ್ಳೆಯದು. ಜಲ್ಲಿ ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಗುಂಡನೆಯ ಚಿಕ್ಕ ಬಟ್ಟಲು ತರಬೇಡಿ. ಅಷ್ಟು ಕಡಿಮೆ ನೀರಿನಲ್ಲಿ ಯಾವುದನ್ನೂ ಸರಿದೂಗಿಸಲು ಆಗುವುದಿಲ್ಲ.

ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗದ್ದು, ಒಳ್ಳೆಯದು. ಬ್ಯಾಕ್ಟೀರಿಯಾಕ್ಕೆ ಮನೆ ಸಿಗುತ್ತದೆ, ನೀರಿಗೆ ಗಾಳಿಯೂ ಸಿಗುತ್ತದೆ. ಕರೆಂಟು ಹೋದಾಗ ಬೇಕಾಗುವ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ದ್ರವದ ಟೆಸ್ಟ್ ಕಿಟ್ ಕೊಳ್ಳಿ. ಪಟ್ಟಿಯ ರೂಪದ ಕಿಟ್‌ಗಳಲ್ಲಿ ಅಮೋನಿಯಾ ಎಷ್ಟೋ ಸಲ ಇರುವುದೇ ಇಲ್ಲ, ನಮಗೆ ಬೇಕಾಗಿರುವುದೇ ಅದು. ಮೀನಿಗೆ, ಅಲಂಕಾರಕ್ಕೆ ಖರ್ಚು ಕಡಿಮೆ ಮಾಡಿಯಾದರೂ ಕಿಟ್ ತನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದಿಲ್ಲದೆ ಇಡೀ ಕೆಲಸ ಬರೀ ಊಹೆ.

ಕಲ್ಲಿನ ವಿಷಯಕ್ಕೆ ಬಂದರೆ, ರಾಯಚೂರು ಬಳ್ಳಾರಿಯ ಗುಡ್ಡಗಳ ಗ್ರಾನೈಟ್ ತೊಟ್ಟಿಗೆ ಹಾಕಲು ಅಡ್ಡಿಯಿಲ್ಲ. ಚೆನ್ನಾಗಿ ಉಜ್ಜಿ ತೊಳೆದರೆ ಸಾಕು, ಸೋಪು ಮುಟ್ಟಿಸಬೇಡಿ. ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಕಲ್ಲು, ಮಾರ್ಬಲ್ ಚೂರು ಬೇಡ. ಮೊದಲೇ ಗಡಸಾದ ನೀರನ್ನು ಇನ್ನೂ ಗಡಸು ಮಾಡುತ್ತವೆ. ಅನುಮಾನ ಬಂದರೆ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಸುಣ್ಣದ್ದು.

ತೊಟ್ಟಿ ಇಡುವ ಜಾಗ ಗಟ್ಟಿಯಾಗಿರಲಿ. 50 ಲೀಟರ್ ಅಂದರೆ ನೀರೇ 50 ಕಿಲೋ. ಪಡುವಣ ಕಿಟಕಿಯ ಬಿಸಿಲು ಬೀಳುವಲ್ಲಿ ಇಡಬೇಡಿ.

ಅಮೋನಿಯಾ ಎಲ್ಲಿಂದ ತರುವುದು

ಮೀನಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಊಟ ನಾವೇ ಹಾಕಬೇಕು. ಅಮೋನಿಯಂ ಕ್ಲೋರೈಡ್ ಇದಕ್ಕೆ ಅತ್ಯಂತ ಅನುಕೂಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಕಲಾಯಿಗೆ ಮಾರುವುದು ಶುದ್ಧವಾಗಿರುತ್ತದೆ ಅನ್ನಲಾಗದು. ಕಾಲೇಜಿನ ಲ್ಯಾಬುಗಳಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ ಲ್ಯಾಬ್ ದರ್ಜೆಯದನ್ನು ಕೇಳಿ ತನ್ನಿ. ಸಣ್ಣ ಡಬ್ಬಿಯೇ ಎಷ್ಟೋ ತೊಟ್ಟಿಗಳಿಗೆ ಸಾಕಾಗುತ್ತದೆ.

10 ಗ್ರಾಂ ತೂಗಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿಡಿ. ಮನೆಯಲ್ಲಿ ಸಣ್ಣ ತಕ್ಕಡಿ ಇಲ್ಲದಿದ್ದರೆ ಪರಿಚಯದ ಬಂಗಾರದ ಅಂಗಡಿಯಲ್ಲಿ ತೂಗಿಸಿಕೊಳ್ಳಬಹುದು. ಈ ದ್ರಾವಣ 50 ಲೀಟರ್ ನೀರಿಗೆ 15 ಮಿಲಿ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆ ಮುಚ್ಚಳ ಇದಕ್ಕೆ ಸರಿಹೋಗುತ್ತದೆ. ಮುಚ್ಚಳವನ್ನು ಆಮೇಲೆ ಔಷಧಿಗೆ ಬಳಸಬೇಡಿ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬ್ಲೀಚಿಂಗ್ ಪೌಡರ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಹುಟ್ಟುತ್ತದೆ.

ಮನೆಯಲ್ಲಿ ಯೂರಿಯಾ ಚೀಲ ಇದೆ, ಅದನ್ನೇ ಹಾಕಬಹುದಾ ಅಂತ ರೈತ ಮನೆತನದವರು ಕೇಳುವುದು ಸಹಜ. ಯೂರಿಯಾ ಒಡೆದು ಅಮೋನಿಯಾ ಆಗುವುದು ನಿಜ. ಆದರೆ ಒಡೆಯುವವರೆಗೆ ಅದು ಕಿಟ್ಟಿನಲ್ಲಿ ಕಾಣುವುದಿಲ್ಲ. ಇವತ್ತು ಹಾಕಿದಾಗ ಸೊನ್ನೆ ತೋರಿಸುತ್ತದೆ, ಸಾಲದು ಅಂತ ಮತ್ತೆ ಹಾಕುತ್ತೀರಿ, ನಾಲ್ಕು ದಿನಕ್ಕೆ ಅಳತೆ ಮೀರಿರುತ್ತದೆ. ಅದರ ಸಹವಾಸ ಬೇಡ.

ಏನೂ ಸಿಗದಿದ್ದರೆ ಮೀನಿನ ಆಹಾರವನ್ನೇ ದಿನಕ್ಕೊಂದು ಚಿಟಿಕೆ ಹಾಕಿ ಕೊಳೆಯಲು ಬಿಡಬಹುದು. ಕೆಲಸ ಆಗುತ್ತದೆ, ಆದರೆ ನಿಧಾನ. ಎಷ್ಟು ಅಮೋನಿಯಾ ಹುಟ್ಟುತ್ತಿದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ, ವಾಸನೆಯೂ ಬರುತ್ತದೆ.

ವಾರ ವಾರದ ಕೆಲಸ

ಮೊದಲ ಎರಡು ದಿನ ನೀರು ತುಂಬಿ ಫಿಲ್ಟರ್ ಓಡಿಸಿ. ಎಲ್ಲಾದರೂ ಸೋರುತ್ತಿದೆಯಾ ನೋಡಿ. ಕ್ಲೋರಿನ್ ಹೋಗಿರುವುದು ಖಾತ್ರಿಯಾಗಲಿ. ಗಿಡ ಇಲ್ಲದಿದ್ದರೆ ಲೈಟ್ ಹಾಕಬೇಡಿ, ಪಾಚಿ ಬೆಳೆಯುತ್ತದೆ.

ಮೂರನೇ ದಿನ ಅಮೋನಿಯಾ ದ್ರಾವಣ 15 ಮಿಲಿ ಹಾಕಿ. ಒಂದು ಗಂಟೆ ಬಿಟ್ಟು ಕಿಟ್ಟಿನಲ್ಲಿ ನೋಡಿ, 2 ಪಿಪಿಎಂ ಹತ್ತಿರ ಇರಬೇಕು. ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಅನ್ನುವುದು ಸುಳ್ಳು. 5 ಪಿಪಿಎಂ ದಾಟಿದರೆ ನಾವು ಬೆಳೆಸಲು ಹೊರಟ ಬ್ಯಾಕ್ಟೀರಿಯಾಕ್ಕೇ, ಅದರಲ್ಲೂ ಎರಡನೇ ಗುಂಪಿಗೆ, ತೊಂದರೆಯಾಗಬಹುದು.

ನಿಮ್ಮ ಗೆಳೆಯರ ಮನೆಯಲ್ಲಿ ಆರೋಗ್ಯವಾದ ಮೀನಿರುವ ಹಳೆ ತೊಟ್ಟಿ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ತುಂಡನ್ನು ಇದೇ ದಿನ ತಂದು ಹಾಕಿ. ಒಣಗಲು ಬಿಡದೆ, ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತನ್ನಿ. ಇದೊಂದೇ ಕೆಲಸದಿಂದ ಎರಡು ಮೂರು ವಾರ ಉಳಿಯಬಹುದು. ಅಂಗಡಿಯ ತೊಟ್ಟಿಯ ಸ್ಪಂಜು ತರಬೇಡಿ. ಅಲ್ಲಿ ಹತ್ತು ಕಡೆಯ ಮೀನು ಬಂದು ಹೋಗುತ್ತವೆ, ರೋಗವೂ ಜೊತೆಗೆ ಬರುತ್ತದೆ.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. 1998ರಲ್ಲಿ ಸಂಶೋಧಕರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಹುಡುಕಿದಾಗ ನೈಟ್ರೈಟ್ ತಿನ್ನುತ್ತಿದ್ದದ್ದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂದು ಕಂಡುಬಂತು. ಹಾಗಾಗಿ ಲೇಬಲ್ಲಿನಲ್ಲಿ ನೈಟ್ರೋಸ್ಪೈರಾ ಹೆಸರಿದೆಯಾ ನೋಡಿ. ಬರೀ ಬ್ಯಾಸಿಲಸ್ ಇರುವ ಬಾಟಲಿ ಕೊಳೆ ಕರಗಿಸಲು ಮಾತ್ರ. ಇವು ಜೀವ ಇರುವ ವಸ್ತು, ಸೆಖೆಗೆ ಸಾಯುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ಪಾರ್ಸೆಲ್ ಲಾರಿಯಲ್ಲಿ ಕಾದು ಬಂದ ಬಾಟಲಿಗೆ ನಾನಾದರೆ ದುಡ್ಡು ಹಾಕುವುದಿಲ್ಲ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಪ್ರಯತ್ನಿಸಬಹುದು.

ಮೊದಲ ವಾರದಲ್ಲಿ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾದರೆ ಗಾಬರಿಯಾಗಬೇಡಿ. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ. ತಾನಾಗಿಯೇ ಕಡಿಮೆಯಾಗುತ್ತದೆ. ಸುಮ್ನೆ ಬಿಡಿ, ನೀರು ಚೆಲ್ಲಬೇಡಿ.

ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಒಂದರಿಂದ ಎರಡು ವಾರ ಏನೂ ಬದಲಾಗದಂತೆ ಕಾಣುತ್ತದೆ. ಎಷ್ಟೋ ಜನ ಕೈಬಿಡುವುದು ಇಲ್ಲೇ. ಆಮೇಲೆ ಒಂದು ದಿನ ಅಮೋನಿಯಾ ಇಳಿದು, ನೈಟ್ರೈಟ್ ಕಾಣಿಸಿಕೊಳ್ಳುತ್ತದೆ. ಮೊದಲ ಗುಂಪು ನೆಲೆಯೂರಿತು ಅಂತ ಅರ್ಥ. ಅಲ್ಲಿಂದ ಮುಂದೆ ಅಮೋನಿಯಾ ಅರ್ಧ ಪಿಪಿಎಂಗಿಂತ ಕೆಳಗೆ ಬಂದಾಗಲೆಲ್ಲ ಮತ್ತೆ 2 ಪಿಪಿಎಂಗೆ ಏರಿಸಿ.

ನೈಟ್ರೈಟ್ ಹಂತವೇ ಉದ್ದ. ಕಿಟ್ಟಿನ ಅತಿ ಗಾಢ ಬಣ್ಣಕ್ಕೆ ಹೋಗಿ ವಾರಗಟ್ಟಲೆ ಅಲ್ಲೇ ನಿಲ್ಲಬಹುದು. ಆಗ ಅರ್ಧ ನೀರು ಬದಲಿಸಿ, ಅಮೋನಿಯಾ ಹಾಕುವುದನ್ನು 1 ಪಿಪಿಎಂಗೆ ಇಳಿಸಿ. ಬ್ಯಾಕ್ಟೀರಿಯಾ ಸ್ಪಂಜಿನಲ್ಲಿರುವುದರಿಂದ ನೀರು ಬದಲಿಸಿದರೆ ನಷ್ಟವೇನಿಲ್ಲ. ಪಿಎಚ್ ಕೂಡ ನೋಡಿ, 7ರ ಹತ್ತಿರಕ್ಕೆ ಇಳಿದಿದ್ದರೆ ಕ್ಷಾರತೆ ಮುಗಿಯುತ್ತಾ ಬಂದಿದೆ. ಬೋರಿನ ನೀರಿನಲ್ಲಿ ಒಂದಿಷ್ಟು ಬದಲಿಸಿದರೆ ಸರಿಹೋಗುತ್ತದೆ.

ಒಂದು ಬೆಳಗ್ಗೆ ನೈಟ್ರೈಟ್ ಕೂಡ ಇಳಿಯುತ್ತದೆ. ಇಳಿಯಲು ಶುರುವಾದರೆ ಬಹಳ ಬೇಗ ಇಳಿಯುತ್ತದೆ. ಈಗ ಪರೀಕ್ಷೆಯ ಹೊತ್ತು. 2 ಪಿಪಿಎಂ ಅಮೋನಿಯಾ ಹಾಕಿ, ಸರಿಯಾಗಿ 24 ಗಂಟೆ ಬಿಟ್ಟು ನೋಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ ಮೊದಲ ದಿನ ಬರೆದಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚಿರಬೇಕು. ಎರಡು ದಿನ ಸಾಲಾಗಿ ಹೀಗೇ ಬಂದರೆ ತೊಟ್ಟಿ ಸಿದ್ಧ. ಕ್ಯಾಲೆಂಡರಿನಲ್ಲಿ ಎಷ್ಟು ವಾರ ಆಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಸೆಖೆ, ಕರೆಂಟು, ಸೊಳ್ಳೆ

ಈ ಬ್ಯಾಕ್ಟೀರಿಯಾಕ್ಕೆ 25ರಿಂದ 30 ಡಿಗ್ರಿ ಇಷ್ಟ. ನಮ್ಮಲ್ಲಿ ವರ್ಷದ ಬಹುಪಾಲು ಹೀಟರ್ ಇಲ್ಲದೆಯೇ ಅದು ಸಿಗುತ್ತದೆ. ಡಿಸೆಂಬರ್ ಜನವರಿಯಲ್ಲಿ ಒಂದಿಷ್ಟು ನಿಧಾನವಾಗುತ್ತದೆ, ಅಷ್ಟೇ.

ಬೇಸಿಗೆಯಲ್ಲಿ ಸಮಸ್ಯೆ ಆಮ್ಲಜನಕದ್ದು. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು, 35 ಡಿಗ್ರಿಯದು 7 ಮಿಲಿಗ್ರಾಂ ಕೂಡ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾಕ್ಕೂ ಮೀನಿಗೂ ಅದೇ ಬೇಕು. ಹೊರಗೆ 42 ಡಿಗ್ರಿ ಇರುವ ದಿನಗಳಲ್ಲಿ ಗಾಳಿಗುಳ್ಳೆ ಜಾಸ್ತಿ ಬರಲಿ. ಮುಚ್ಚಳ ತೆಗೆದು ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬದಲಿಸುವುದು ಬೆಳಗಿನ ಹೊತ್ತಿಗೇ ಇರಲಿ. ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಕೈ ಸುಡುತ್ತದೆ, ಅದನ್ನು ನೇರ ತೊಟ್ಟಿಗೆ ಬಿಡಬೇಡಿ.

ಕರೆಂಟು ಒಂದೆರಡು ಗಂಟೆ ಹೋದರೆ ಸ್ಪಂಜಿಗೆ ಏನೂ ಆಗುವುದಿಲ್ಲ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಹಾಗಲ್ಲ. ಒಳಗೆ ಸಿಕ್ಕಿಕೊಂಡ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ. ಬಹಳ ಹೊತ್ತು ನಿಂತಿದ್ದರೆ ಮತ್ತೆ ಹಾಕುವ ಮೊದಲು ಒಳಗಿನ ನೀರು ಚೆಲ್ಲಿ. ಕರೆಂಟು ಪದೇ ಪದೇ ಹೋಗುವ ಊರಿನವರಿಗೆ ನಾನು ಸ್ಪಂಜ್ ಫಿಲ್ಟರನ್ನೇ ಹೇಳುವುದು ಇದಕ್ಕೇ.

ಮೀನಿಲ್ಲದ ನೀರು ವಾರಗಟ್ಟಲೆ ಮನೆಯಲ್ಲಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ, ಮಲೇರಿಯಾ ಕಂಡ ಊರುಗಳು ನಮ್ಮವು. ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ, ಮೇಲ್ಮೈ ಅಲುಗಾಡುತ್ತಿರಲಿ. ಮರಿ ಕಂಡರೆ ಜಾಲರಿಯಲ್ಲಿ ಸೋಸಿ ತೆಗೆಯಿರಿ. ಆ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆಯಬೇಡಿ.

ಮೀನು ತರುವ ದಿನ

ಪರೀಕ್ಷೆ ಮುಗಿದ ಮೇಲೆ ಮುಕ್ಕಾಲು ಭಾಗ ನೀರು ಬದಲಿಸಿ ನೈಟ್ರೇಟ್ ಇಳಿಸಿ. ಹೊಸ ನೀರಿನಲ್ಲಿ ಕ್ಲೋರಿನ್ ಇರಕೂಡದು. ಮಾರನೇ ದಿನ ಮೀನು ತನ್ನಿ. ತಡವಾಗುವುದಾದರೆ ಮೀನು ಬರುವವರೆಗೆ ದಿನಾ 1 ಪಿಪಿಎಂ ಅಮೋನಿಯಾ ಹಾಕುತ್ತಿರಿ, ಇಲ್ಲದಿದ್ದರೆ ಬೆಳೆಸಿದ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತದೆ. ಹೀಗೆ ಹಾಕುತ್ತಿದ್ದರೆ ಮೀನು ತರುವ ಹಿಂದಿನ ದಿನ ನಿಲ್ಲಿಸಿ, ಅಮೋನಿಯಾ ಸೊನ್ನೆ ಇರುವುದನ್ನು ನೋಡಿಯೇ ಮೀನು ಬಿಡಿ.

ನಮ್ಮ ಗಡಸು ನೀರಿಗೆ ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಬಹಳ ಚೆನ್ನಾಗಿ ಒಗ್ಗುತ್ತವೆ. ಮಕ್ಕಳು ಗೋಲ್ಡ್‌ಫಿಶ್ ಕೇಳುತ್ತಾರೆ. ಅದು ದೊಡ್ಡದಾಗಿ ಬೆಳೆಯುತ್ತದೆ, ಗಲೀಜೂ ಜಾಸ್ತಿ, ಎರಡಡಿ ತೊಟ್ಟಿಗೆ ತಕ್ಕ ಮೀನಲ್ಲ. ಮೊದಲಿಗೆ ಆರು ಗಪ್ಪಿ ಸಾಕು. ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ, ಆಮೇಲೆ ಮೀನನ್ನು ಮಾತ್ರ ಜಾಲರಿಯಲ್ಲಿ ಎತ್ತಿ ಬಿಡಿ. ಚೀಲದ ನೀರು ಸುರಿಯಬೇಡಿ. ಮೊದಲ ವಾರ ದಿನಾ ಅಮೋನಿಯಾ, ನೈಟ್ರೈಟ್ ನೋಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಸೈಕ್ಲಿಂಗ್ ಇಲ್ಲದೆ ಈಗಾಗಲೇ ಮೀನು ಬಿಟ್ಟಿದ್ದರೆ

ಎಷ್ಟೋ ಜನರ ಸ್ಥಿತಿ ಇದೇ. ಮೀನು ಉಳಿಸಬಹುದು, ದಿನಾ ದುಡಿಯಬೇಕು. ನಮ್ಮ ಬಿಸಿಲು, ನಮ್ಮ ನೀರು ಮೀನನ್ನು ಬೇಗ ಕೊಲ್ಲುತ್ತವೆ ಅಂತ ಮೊದಲೇ ಹೇಳಿದ ಅಪಾಯ ಇಲ್ಲಿ ಬರುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಬಹಳ ವಿಷ, ಇನ್ನೊಂದು ಅಷ್ಟಾಗಿ ಅಲ್ಲ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ ಏಳರಷ್ಟಾಗುತ್ತದೆ. ಕಿಟ್ ತೋರಿಸುವ ಅಂಕಿ ಎರಡು ಕಡೆಯೂ ಒಂದೇ. ಬೇರೆ ಊರಿನವರು "ಅರ್ಧ ಪಿಪಿಎಂ ಇದ್ದರೆ ಚಿಂತೆಯಿಲ್ಲ" ಅಂದದ್ದನ್ನು ನಾವು ನಂಬಲಾಗದು.

ದಿನಾ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರನ್ನೇ ಹಾಕಿ. ಆಹಾರ ಎರಡು ದಿನಕ್ಕೊಮ್ಮೆ, ಚಿಟಿಕೆಯಷ್ಟು. ಗಾಳಿ ಜೋರಾಗಿ ಬಿಡಿ. ನೈಟ್ರೈಟ್ ಕಂಡರೆ 10 ಲೀಟರಿಗೆ 1 ಗ್ರಾಂ ಕಲ್ಲುಪ್ಪು ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ. ನೀರು ಬದಲಿಸಿದಾಗ, ತೆಗೆದಷ್ಟು ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಉಪ್ಪು ಹಾಕಿ.

ಆಮೇಲಿನ ದಿನಗಳು

ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆಯಬೇಡಿ, ತಿಂಗಳ ಶ್ರಮ ಒಂದು ನಿಮಿಷದಲ್ಲಿ ಹೋಗುತ್ತದೆ. ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಅದರಲ್ಲೇ ಎರಡು ಮೂರು ಸಲ ಹಿಂಡಿದರೆ ಸಾಕು. ಉಳಿದ ನೀರನ್ನು ತುಳಸಿ ಗಿಡಕ್ಕೋ ಕರಿಬೇವಿಗೋ ಹಾಕಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಸಾಮಾನ್ಯ ಲೆಕ್ಕ. ಬೇಸಿಗೆಯಲ್ಲಿ ಹೊಳೆ ನೀರು ನಿಂತು ನಳಕ್ಕೆ ಬೋರಿನ ನೀರು ಬರತೊಡಗಿದಾಗ ಮಾತ್ರ ಲೆಕ್ಕ ಬೇರೆ. ಒಮ್ಮೆಗೇ ಕಾಲು ಭಾಗ ಹಾಕಿದರೆ ಮೀನಿಗೆ ಪೆಟ್ಟು. ಹತ್ತರಲ್ಲಿ ಒಂದು ಪಾಲಿನಂತೆ ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತಾ ಬನ್ನಿ. ಮಳೆ ಬಿದ್ದು ಮತ್ತೆ ಹೊಳೆ ನೀರು ಬಂದಾಗಲೂ ಹೀಗೇ ಮಾಡಿ. ಆಗ ನೀರಿನಲ್ಲಿ ಕೆಂಪು ಮಣ್ಣು ಬೆರೆತಿರುತ್ತದೆ, ಕ್ಲೋರಿನ್ ಕೂಡ ಹೆಚ್ಚು ಹಾಕಿರುತ್ತಾರೆ. ಒಂದು ರಾತ್ರಿ ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನಷ್ಟೇ ತೆಗೆದು ಆಂಟಿ ಕ್ಲೋರಿನ್ ಬೆರೆಸಿ ಹಾಕಿ.